ಕಾರು ಬಿಡಿ, ಪಂಚಾಂಗ ಹಿಡಿರಿ

ಶಹಾಪುರದ ಓದುಗರೊಬ್ಬರ ಪತ್ರ: ‘ಸಂಕ್ರಾಂತಿ ಮುಗಿದ ಮೇಲೆ ನಾವು ನಾಲ್ವರು ಬಾಡಿಗೆ ಕಾರು ಮಾಡಿಕೊಂಡು ಕಾರವಾರದಿಂದ ಭಟ್ಕಳದವರೆಗೆ ಐದು ದಿನದಲ್ಲಿ ಎಲ್ಲ ಬೀಚು ನೋಡಬೇಕಂತ ಇದ್ದೇವೆ. ಇಬ್ಬರಿಗೆ ಅರವತ್ತು ದಾಟಿದೆ. ಯಾವ್ಯಾವ ಬೀಚು ಬಿಡಬಾರದು? ಬಯಲುಸೀಮೆಯವರಾದ ನಮ್ಮ ಜೋಡಿ ಅಲ್ಲಿಯ ಜನ ಮಾತಾಡ್ತಾರೇನು?’

ಉತ್ತರ: ಮಾತಾಡ್ತಾರೆ, ನೀವು ನಿಂತರೆ. ಐದು ದಿನಕ್ಕೆ ಅಷ್ಟು ಬೀಚು ಅಂದರೆ ನಿಮಗೇ ಪುರುಸೊತ್ತು ಇರುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಆ ಕರಾವಳಿಯನ್ನು ತುಂಡು ತುಂಡು ಮಾಡಿವೆ. ನಡುವೆ ಗುಡ್ಡಗಳು ಸಮುದ್ರದೊಳಕ್ಕೇ ಮೂಗು ಚಾಚಿವೆ. ಕಾರಿನವರು ಒಂದೊಂದು ಬೀಚಿಗೂ ಹೆದ್ದಾರಿಯಿಂದ ಇಳಿದು, ಮತ್ತೆ ಹತ್ತಿ, ಅರ್ಧ ದಿನ ಸೀಟಿನಲ್ಲೇ ಕಳೆಯುತ್ತಾರೆ. ಗೋಕರ್ಣದಿಂದ ಕುಮಟಾ, ಇದೊಂದೇ ತುಂಡು ಆರಿಸಿಕೊಳ್ಳಿ. ಹರೆಯದವರು ಎರಡು ದಿನಕ್ಕೆ ನಡೆದು ಮುಗಿಸುತ್ತಾರೆ, ನೀವು ನಾಲ್ಕು ದಿನ ಇಟ್ಟುಕೊಳ್ಳಿ.

ದಾರಿ ಹೀಗೆ: ಗೋಕರ್ಣ, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಬೇಲೇಕಾನ, ತದಡಿ. ಅಲ್ಲಿ ಹೊಳೆ ದಾಟಿದರೆ ಅಘನಾಶಿನಿ ಊರು, ಆಮೇಲೆ ಬಾಡ, ಕಡ್ಲೆ, ವನ್ನಳ್ಳಿ, ಕುಮಟಾ. ಓಂ ದಾಟಿದ ಮೇಲೆ ಪ್ಯಾರಡೈಸ್‌ವರೆಗೆ ಕಾಲುದಾರಿ ಕಿರಿದು, ಕಲ್ಲಿನ ಇಳಿಜಾರು. ಮೊಣಕಾಲು ನೋವಿದ್ದವರು ಆ ಪಾಲಿಗೆ ದೋಣಿ ಹತ್ತಲಿ, ನಾಚಿಕೆಪಡುವಂಥದ್ದೇನಿಲ್ಲ.

ಇನ್ನು ದಿನ ಗೊತ್ತು ಮಾಡುವುದು. ಇದಕ್ಕೆ ಗೋಡೆಗೆ ತೂಗುಹಾಕಿದ ಪಂಚಾಂಗವೇ ಸಾಕು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ತಾಸು 25 ನಿಮಿಷ, ಅಂದರೆ ದಿನಕ್ಕೆ 50 ನಿಮಿಷ ತಡವಾಗುತ್ತದೆ. ಆ ದಂಡೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ನಡುಹಗಲಿಗೆ ಕೊಂಚ ಮುಂಚೆ, ಇಳಿತ ನಸುಕಿನಲ್ಲಿ ಮತ್ತು ಸಂಜೆ. ನೀರು ಹೆಚ್ಚು ಏರುವುದೂ ಹೆಚ್ಚು ಇಳಿಯುವುದೂ ಆಗಲೇ. ಅಷ್ಟಮಿ ಹೊತ್ತಿಗೆ ಲೆಕ್ಕ ತಿರುಗಿ ಇಳಿತ ನಡುಹಗಲಿಗೆ ಬರುತ್ತದೆ, ಆದರೆ ನೀರು ಅಷ್ಟಾಗಿ ಸರಿಯುವುದಿಲ್ಲ. ಹಾಗಾಗಿ ಬಿದಿಗೆ, ತದಿಗೆಗೆ ಹೊರಡಿ. ಇಳಿತ ಏಳರ ಸುಮಾರಿಗೆ ಬೀಳುತ್ತದೆ, ಗುಡ್ಡದ ಮೂಗು ಸುತ್ತುವಲ್ಲಿ ಹೆಜ್ಜೆಯಿಡಲು ಜಾಗ ಸಿಗುತ್ತದೆ, ಬಿಸಿಲೂ ಏರಿರುವುದಿಲ್ಲ. ಇದು ಅಂದಾಜು ಲೆಕ್ಕ. ಆ ದಿನದ ಹೊತ್ತನ್ನು ದಂಡೆಯ ಮೀನುಗಾರರ ಹತ್ತಿರ ಕೇಳಿಯೇ ಮುಂದೆ ಹೋಗಿ. ನೀರು ಏರತೊಡಗಿದ ಮೇಲೆ ಬಂಡೆ ಸುತ್ತಲು ಹೋಗಬೇಡಿ. ಹಿಂದಿನ ದಾರಿ ಮುಚ್ಚುತ್ತದೆ, ಮುಂದಿನದು ಇರುವುದಿಲ್ಲ. ಅಂದಹಾಗೆ, ದೊಡ್ಡ ಅಲೆಗಳ ಮುನ್ನೆಚ್ಚರಿಕೆ ಕೊಡುವ ಇನ್‌ಕಾಯಿಸ್ ಕೇಂದ್ರ ಇರುವುದು ಹೈದರಾಬಾದಿನಲ್ಲಿ. ಸಮುದ್ರಕ್ಕಿಂತ ಅದೇ ನಮಗೆ ಹತ್ತಿರ!

ಕಲ್ಲಿನ ಮಾತು. ಬೀದರ್ ಕೋಟೆ ನೋಡಿದ್ದರೆ ಅಲ್ಲಿಯ ಕೆಂಪು ಜಂಬಿಟ್ಟಿಗೆ ಗೊತ್ತಿರುತ್ತದೆ. ಕರಾವಳಿಯ ಗುಡ್ಡದ ನೆತ್ತಿಯಲ್ಲೂ ಅದೇ ಕಲ್ಲು, ಅಲ್ಲಿ ಚಿರೇಕಲ್ಲು ಅಂತಾರೆ. ಮೇಲೆ ಗಟ್ಟಿ ಹೊರಪದರ, ಅಡಿಗೆ ಮೆತ್ತನೆಯ ಜೇಡಿ. ಅಲೆ ಅಡಿಯ ಜೇಡಿ ತಿಂದು ಹಾಕುತ್ತದೆ, ಮೇಲಿನದು ಛಾವಣಿಯಂತೆ ಉಳಿಯುತ್ತದೆ. ಎಲ್ಲರೂ ಫೋಟೊಕ್ಕೆ ನಿಲ್ಲುವುದು ಆ ಅಂಚಿನಲ್ಲೇ! ಎರಡು ಮಾರು ಒಳಗೆ ನಿಲ್ಲಿ. ಕೆಳಗಿನ ಕಪ್ಪು ಬಂಡೆ ಒಣಗಿದ್ದರೆ ಚಿಂತೆಯಿಲ್ಲ, ಹಸಿರು ಹಿಡಿದಿದ್ದರೆ ಸಾಬೂನು ಇದ್ದಂತೆ. ಚರ್ಮದ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ತಳದ್ದು ಹಾಕಿ. ಬಂಡೆ ಮೇಲೆ ಕಾಲಿಡುವ ಮುಂಚೆ ಹತ್ತು ನಿಮಿಷ ನೋಡಿ, ಏಳೆಂಟು ಸಣ್ಣ ಅಲೆಗಳ ಹಿಂದೆ ಎರಡು ಮೂರು ದೊಡ್ಡವು ಬರುವುದುಂಟು. ಭೀಮಾ ನದಿಯಲ್ಲಿ ಈಜು ಕಲಿತವರಿಗೂ ಇಲ್ಲಿನ ಸೆಳೆತ ಬೇರೆ. ಸೆಳೆದರೆ ದಂಡೆಗೆ ನೇರ ಬರಲು ಗುದ್ದಾಡಬೇಡಿ, ದಂಡೆಯ ಉದ್ದಕ್ಕೆ ಪಕ್ಕಕ್ಕೆ ಈಜಿ ಹೊರಬನ್ನಿ.

ನಮ್ಮ 42 ಡಿಗ್ರಿ ತಡೆದವರು ಅಲ್ಲಿಯ 32ಕ್ಕೆ ಸೋಲುತ್ತಾರೆ, ಬೆವರು ಆರುವುದೇ ಇಲ್ಲ. ಆರರಿಂದ ಹತ್ತರವರೆಗೆ ನಡೆಯಿರಿ, ಆಮೇಲೆ ನಾಲ್ಕರ ನಂತರ. ಕುಡಿಯಲು ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು. ಕಡಕ್ ರೊಟ್ಟಿ ಊರಲ್ಲಿ ವಾರಗಟ್ಟಲೆ ಇರುತ್ತದೆ, ಅಲ್ಲಿಯ ಗಾಳಿಗೆ ಬಿಚ್ಚಿಟ್ಟರೆ ರಾತ್ರಿ ಕಳೆಯುವುದರೊಳಗೆ ಮೆತ್ತಗಾಗುತ್ತದೆ. ಒಂದೊಂದು ಹೊತ್ತಿನದು ಬೇರೆ ಬೇರೆ ಬಿಗಿ ಡಬ್ಬಿಯಲ್ಲಿ ಕಟ್ಟಿ. ಶೇಂಗಾ ಹಿಂಡಿಗೆ ನೀರಿನ ಕೈ ತಾಗಬಾರದು.

ಜನ ಸಿಗುವುದು ಬೀಚಿನಲ್ಲಲ್ಲ, ತದಡಿಯ ತಾರಿಯಲ್ಲಿ, ಅಂದರೆ ದೋಣಿಯಲ್ಲಿ ಹೊಳೆ ದಾಟುವಲ್ಲಿ. ದೋಣಿ ಆಚೆ ದಂಡೆಯಲ್ಲಿದ್ದರೆ ಎಲ್ಲರೂ ಕಾಯಲೇಬೇಕು. ಮೀನಿನ ಬುಟ್ಟಿಯ ಹೆಂಗಸರು, ಶಾಲೆ ಮಕ್ಕಳು, ಬೈಕಿನವರು, ನೀವು. ಚಿಲ್ಲರೆ ಇಟ್ಟುಕೊಳ್ಳಿ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರಿಳಿದಾಗ ಬಳಚು, ಅಂದರೆ ತಿನ್ನುವ ಚಿಪ್ಪಿ, ಆರಿಸುವವರು ಇಳಿಯುತ್ತಾರೆ. ಅದಕ್ಕೂ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸೇ ಒಳ್ಳೆಯದು. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಕಾಲುವೆ ನೀರಿಗೆ ಸವಳು ಹತ್ತಿದ ಹೊಲ ಕಂಡ ನಿಮಗೆ ಅಲ್ಲಿಯ ಗಜನಿ (ಅಳಿವೆ ಪಕ್ಕದ ತಗ್ಗು) ಗದ್ದೆಯ ರೈತರ ಹತ್ತಿರ ಕೇಳಲು ಬೇಕಾದಷ್ಟಿದೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಅವರದು. ನಮ್ಮ ಪಂಡಿತರಿಗಿಂತ ಅವರು ಸವಳಿನ ಮಾತು ಚೆನ್ನಾಗಿ ಆಡುತ್ತಾರೆ.

ದಂಡೆಯಲ್ಲಿ ಬಲೆ ಎಳೆಯುತ್ತಿದ್ದರೆ ಮೊಬೈಲು ಜೇಬಿಗಿಡಿ. ದೋಣಿ ಅರ್ಧಚಂದ್ರದಂತೆ ಬಲೆ ಬಿಟ್ಟು ಬಂದಿರುತ್ತದೆ, ಎರಡೂ ತುದಿಯ ಹಗ್ಗ ದಂಡೆಯ ಮೇಲಿರುತ್ತದೆ, ಎರಡೂ ಕಡೆ ಸಮನಾಗಿ ಎಳೆದರಷ್ಟೇ ಮೀನು ಒಳಗುಳಿಯುತ್ತದೆ. ‘ಕೈ ಹಾಕಲೇನ್ರಿ?’ ಎಂದು ಕೇಳಿ, ಹಿಡಿಯಿರಿ ಅಂದ ಜಾಗದಲ್ಲೇ ಹಿಡಿಯಿರಿ. ಅವಸರದಲ್ಲಿ ಒಂದು ಕಡೆ ಜಗ್ಗಿದರೆ ಬಲೆ ವಾರೆಯಾಗುತ್ತದೆ, ಬೈಗುಳ ಖಂಡಿತ. ಹಗ್ಗ ಅಂಗೈ ಸುಲಿಯುತ್ತದೆ, ಒಂದು ಟವೆಲ್ ಇರಲಿ. ಒಣಮೀನು ಹರವುವ ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಮೀನು ತಿನ್ನದವರಾದರೆ ಮೊದಲೇ ಹೇಳಿಬಿಡಿ, ಕೊಟ್ಟ ಪಾಲನ್ನು ಆಮೇಲೆ ಬೇಡ ಅನ್ನುವುದು ಚೆನ್ನಾಗಿರುವುದಿಲ್ಲ.

ಹೋಗುವುದು ಸುಲಭ: ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ಅಂಕೋಲಾ ಮೇಲೆ ಗೋಕರ್ಣ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಉಚಿತ, ಗುರುತಿನ ಚೀಟಿ ಮರೆಯಬೇಡಿ. ಭಟ್ಕಳ, ಮುರ್ಡೇಶ್ವರಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.