ನೆಂಟರಿಗೂ ಓಟಾ ಅಕ್ಕ?

ಬ್ರಿಟನ್ನಿನ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ಓಟರ್ ಲಿಸ್ಟಿನ ಕಾಗದ ಬಂದಿದೆ, ವೀಸಾ ಮೇಲಿರುವ ನಾನು ಹೆಸರು ಬರೆಸಬಹುದಾ, ನೆಂಟರ ಹಾಗೆ ಬಂದವರು ಇವರ ಮನೆ ವಿಷಯಕ್ಕೆ ತಲೆ ಹಾಕುವುದು ಸರಿನಾ ಅಂತ ಕೇಳಿದ್ದೀಯ.

ಬರೆಸು. ಭಾರತ ಕಾಮನ್‌ವೆಲ್ತ್ ದೇಶ, ಅಂದರೆ ಹೆಚ್ಚಾಗಿ ಹಿಂದೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶಗಳ ಕೂಟದ್ದು. ಹಾಗಾಗಿ ವೀಸಾ ಹಿಡಿದು ಬ್ರಿಟನ್ನಿನಲ್ಲಿ ವಾಸವಿರುವ ನಮ್ಮವರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟಿದೆ. ಹೆಸರು ಬರೆಸುವುದು ಆನ್‌ಲೈನ್‌ನಲ್ಲೇ ಆಗುತ್ತದೆ.

ನಾನು ಬಂದ ಹೊಸದರಲ್ಲೇ 2016ರ ಬ್ರೆಕ್ಸಿಟ್ ಓಟು ಬಂತು, ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕಾ ಅಂತ. ನಮ್ಮ ಮನೆಯವರದ್ದೂ ನಿನ್ನದೇ ಮಾತು, ‘ನಮಗ್ಯಾಕೆ ಊರ ಉಸಾಬರಿ?’ ಪಕ್ಕದ ಮನೆಯಲ್ಲಿ ಪೋಲೆಂಡಿನ ಹೆಂಗಸೊಬ್ಬಳಿದ್ದಳು. ಅವಳ ಮಕ್ಕಳೆಲ್ಲ ಇಲ್ಲೇ ಹುಟ್ಟಿದವರು. ಪೋಲೆಂಡ್ ಕಾಮನ್‌ವೆಲ್ತ್ ಅಲ್ಲವಲ್ಲ, ಅವಳಿಗೆ ಆ ಓಟಿಲ್ಲ, ನಿನ್ನೆ ಮೊನ್ನೆ ಬಂದ ನನಗಿದೆ! ಕಸದ ಡಬ್ಬಿ ಹೊರಗಿಡುತ್ತಾ ‘ನಿನಗೆ ಇದೆಯಂತಲ್ಲ, ಹೋಗ್ತೀಯಾ?’ ಅಂದಳು. ಸುಮ್ನೆ ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಚರ್ಚ್ ಹಾಲ್‌ನಲ್ಲಿ ದಾರ ಕಟ್ಟಿದ ಪೆನ್ಸಿಲ್ ಇಟ್ಟಿದ್ದರು. ಬೆರಳಿಗೆ ಶಾಯಿ ಇಲ್ಲ. ಇಡೀ ಭಾರತದ ಚುನಾವಣೆಗೆ ಶಾಯಿ ತಯಾರಾಗುವ ಮೈಸೂರಿನವಳು ನಾನು, ಓಟು ಹಾಕಿದ ಹಾಗೇ ಅನ್ನಿಸಲಿಲ್ಲ.

ಹೆಸರು ಲಿಸ್ಟಿಗೆ ಬಿದ್ದ ಮೇಲೆ ಇನ್ನೊಂದು ಕಾಟ ಶುರುವಾಗುತ್ತದೆ. ಹೆಸರು ನೋಡಿಯೇ ನಿನ್ನ ಓಟು ಯಾರಿಗೆ ಅಂತ ಲೆಕ್ಕ ಹಾಕುತ್ತಾರೆ. ಬಾಗಿಲಲ್ಲಿ ಕೈ ಮುಗಿದು, ಕನ್ನಡದವಳಾದ ನನಗೆ ಗುಜರಾತಿಯಲ್ಲಿ ‘ಕೇಮ್ ಛೋ’ ಅಂದವರನ್ನೂ ನೋಡಿದ್ದೇನೆ. 2019ರಲ್ಲಿ ಇಲ್ಲಿನ ಲೇಬರ್ ಪಕ್ಷ ತನ್ನ ಸಮ್ಮೇಳನದಲ್ಲಿ ಕಾಶ್ಮೀರದ ಬಗ್ಗೆ ನಿರ್ಣಯ ಮಾಡಿತಲ್ಲ, ಆಗ ವಾಟ್ಸಾಪ್ ತುಂಬ ‘ಹಿಂದೂಗಳು ಇವರಿಗೆ ಹಾಕಬೇಡಿ’. ಸುನಕ್ ಪ್ರಧಾನಿಯಾದಾಗ ‘ನಮ್ಮ ಕರ್ನಾಟಕದ ಅಳಿಯ’. ಜಿಪಿ, ಅಂದರೆ ನಮ್ಮ ಬಡಾವಣೆ ಡಾಕ್ಟರ ಅಪಾಯಿಂಟ್‌ಮೆಂಟ್ ಯಾಕೆ ಸಿಗುತ್ತಿಲ್ಲ ಅನ್ನುವುದು ಯಾರಿಗೂ ಬೇಡ! ಇದಕ್ಕೇ ರೋಸಿ ಓಟಿನ ಸಹವಾಸವೇ ಬೇಡ ಅಂತ ಬಿಟ್ಟವರು ನಮ್ಮ ಬಳಗದಲ್ಲಿದ್ದಾರೆ. ಅದೂ ದಡ್ಡತನ. ಪ್ರಚಾರದವರು ಲಿಸ್ಟ್ ಹಿಡಿದು ಬೀದಿಗೆ ಬರುತ್ತಾರೆ, ಹೆಸರಿಲ್ಲದ ಮನೆಯ ಬೆಲ್ಲೂ ಒತ್ತದೆ ಮುಂದೆ ಹೋಗುತ್ತಾರೆ. ಕಲಬುರಗಿ ಕಡೆಯ ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆಗಿದ್ದರು ಗೊತ್ತಾ? ಥೇಮ್ಸ್ ದಡದಲ್ಲಿ ಬಸವಣ್ಣನ ಪ್ರತಿಮೆ ನಿಂತಿದ್ದು ಅವರ ಓಡಾಟದಿಂದ. ನೆಂಟರು ಅಂತ ಅವರೂ ಮೂಲೆಯಲ್ಲಿ ಕೂತಿದ್ದರೆ ಆಗುತ್ತಿತ್ತಾ?

ನನಗೆ ಈಗಲೂ ಚುಚ್ಚುವುದು ಊರಿನ ಓಟು. ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡ ದಿನವೇ ಅದು ಹೋಯಿತು. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಓಟಿಲ್ಲ. 2023ರ ಮೇ 10ರಂದು, ವಿಧಾನಸಭೆ ಚುನಾವಣೆಯ ದಿನ, ನಾನು ಮೈಸೂರಲ್ಲೇ ಇದ್ದೆ. ಅಮ್ಮ ಇಸ್ತ್ರಿ ಸೀರೆ ಉಟ್ಟು, ಅತ್ತಿಗೆ ಜೊತೆ ಬೆಳಿಗ್ಗೆಯೇ ಬೂತಿಗೆ ಹೊರಟರು. ‘ನೀನು ಹಾಲು ಉಕ್ಕದ ಹಾಗೆ ನೋಡ್ಕೊ’ ಅಂತ ನನ್ನನ್ನು ಬಿಟ್ಟು ಹೋದರು. ಹುಟ್ಟಿದ ಮನೆಯಲ್ಲೇ ನಾನು ನೆಂಟಳಾಗಿದ್ದೆ. ಇಲ್ಲಿನ ಪಾಸ್‌ಪೋರ್ಟ್ ಬೇಡ ಅಂತ ನಾನು ಹೇಳುವುದಿಲ್ಲ, ಮಕ್ಕಳು, ಕೆಲಸ ಎಲ್ಲಾ ಇರುತ್ತವೆ. ಅವಸರ ಮಾತ್ರ ಮಾಡಬೇಡ. ಭಾರತದ ಪಾಸ್‌ಪೋರ್ಟ್ ಇರುವವರೆಗೆ ಹೊರದೇಶದಲ್ಲಿರುವವರ ಫಾರ್ಮ್ 6ಎ ತುಂಬಿ ಊರಿನ ಲಿಸ್ಟಿನಲ್ಲೂ ಇರಬಹುದು. ಆದರೆ ಓಟನ್ನು ಅಂಚೆಯಲ್ಲಿ ಕಳಿಸುವ ಹಾಗಿಲ್ಲ, ನೀನೇ ಹೋಗಿ ಹಾಕಬೇಕು. ಟಿಕೆಟ್ ದರ ನೋಡಿದರೆ ಎಷ್ಟು ಜನ ಹೋಗ್ತಾರೆ ಹೇಳು!

ಇಂಗ್ಲೆಂಡಿನಲ್ಲಿ 2023ರಿಂದ ಬೂತಿಗೆ ಫೋಟೊ ಇರುವ ಗುರುತಿನ ಚೀಟಿ ಬೇಕು. ನಿನ್ನ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಆಧಾರ್ ಕಾರ್ಡ್ ಹಿಡಿದು ಹೋಗಬೇಡ ಮಾರಾಯ್ತಿ.