ಕುರ್ಚಿಯನ್ನು ಮೊದಲು ಮಗುಚಿ ನೋಡಿ

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಇಲ್ಲಿಯ ಹರಾಜೊಂದಕ್ಕೆ ಕೆತ್ತನೆಯ ಎರಡು ಮಹಾಗನಿ ಕುರ್ಚಿಗಳು ಬಂದಿವೆ. ಎರಡಕ್ಕೂ ಕೈಗಳಿವೆ; ಮುಂಗಾಲಿನ ತುದಿಯಲ್ಲಿ ಚೆಂಡು ಹಿಡಿದ ಹಕ್ಕಿಯ ಪಂಜವಿದೆ. ‘ಚಿಪ್ಪೆಂಡೇಲ್ ಮಾಡಿದ್ದು, 1760ರ ಸುಮಾರು’ ಎನ್ನುತ್ತಾರೆ. ನಂಬಬಹುದೇ?
— ಓದುಗರೊಬ್ಬರು, ಲೀಡ್ಸ್

ಉತ್ತರ: ‘ಚಿಪ್ಪೆಂಡೇಲ್ ಮಾಡಿದ್ದು’ ಎಂಬುದನ್ನು ಬರೆದುಕೊಡಲು ಹೇಳಿ. ಬರಹಕ್ಕೆ ಇಳಿದಾಗ ಅದು ಬಹುಮಟ್ಟಿಗೆ ‘ಚಿಪ್ಪೆಂಡೇಲ್ ಶೈಲಿ’ ಆಗಿಬಿಡುತ್ತದೆ.

ಹದಿನೆಂಟನೆಯ ಶತಮಾನದ ಹೆಸರಾಂತ ಪೀಠೋಪಕರಣ ತಯಾರಕ ಥಾಮಸ್ ಚಿಪ್ಪೆಂಡೇಲ್ ನಿಮ್ಮ ನೆರೆಯವನೇ. 1718ರಲ್ಲಿ ಹುಟ್ಟಿದ್ದು ಲೀಡ್ಸ್ ಪಕ್ಕದ ಆಟ್ಲಿಯಲ್ಲಿ. ಅಂಗಡಿ ತೆರೆದದ್ದು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ. 1754ರಲ್ಲಿ ತನ್ನ ವಿನ್ಯಾಸಗಳನ್ನೆಲ್ಲ ‘ಡೈರೆಕ್ಟರ್’ ಎಂಬ ದೊಡ್ಡ ಪುಸ್ತಕವಾಗಿ ಅಚ್ಚು ಹಾಕಿಸಿದ. ಮುಂಗಡ ಚಂದಾ ಕೊಟ್ಟವರಲ್ಲಿ ಶ್ರೀಮಂತರಷ್ಟೇ ಅಲ್ಲ, ಬಡಗಿಗಳೂ ಇದ್ದರು. ಪುಸ್ತಕ ಕೈಯಲ್ಲಿದ್ದ ಮೇಲೆ ಕೇಳಬೇಕೇ? ಊರೂರಲ್ಲಿ ‘ಚಿಪ್ಪೆಂಡೇಲ್’ ಕುರ್ಚಿಗಳು ಹುಟ್ಟಿದವು. ಅವನು ತನ್ನ ಸಾಮಾನಿಗೆ ಮುದ್ರೆ ಒತ್ತುತ್ತಿರಲಿಲ್ಲ. ಹಾಗಾಗಿ ಇದು ಅವನದೇ ಎನ್ನಲು ಹಳೆಯ ಬಿಲ್ಲು, ಪತ್ರಗಳೇ ಆಧಾರ. ನಿಮ್ಮ ಹತ್ತಿರದ ಹೇರ್‌ವುಡ್ ಹೌಸ್ ಮತ್ತು ನಾಸ್ಟೆಲ್ ಪ್ರಯರಿ ಎಂಬ ಹಳೆಯ ಸಿರಿವಂತ ಬಂಗಲೆಗಳ ಪೀಠೋಪಕರಣಗಳಿಗೆ ಅಂಥ ಕಾಗದಗಳಿವೆ. ಹರಾಜಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಕಣ್ಣು ಪಳಗಿಸಿಕೊಳ್ಳಿ.

ಇನ್ನೊಂದು ತಮಾಷೆಯಿದೆ. ಎಲ್ಲರೂ ಚಿಪ್ಪೆಂಡೇಲನ ಗುರುತು ಎಂದು ತೋರಿಸುವ ಚೆಂಡು-ಪಂಜದ ಕಾಲು ಅವನ ಪುಸ್ತಕದಲ್ಲಿ ಇಲ್ಲವೇ ಇಲ್ಲ! ಅದು ಅವನಿಗಿಂತ ಹಿಂದಿನ ಫ್ಯಾಶನ್. ಪಂಜವಿದ್ದರೆ ಕುರ್ಚಿ ಖೋಟಾ ಎಂದಲ್ಲ. ಆದರೆ ಪಂಜವನ್ನೇ ತೋರಿಸಿ ಚಿಪ್ಪೆಂಡೇಲನ ಹೆಸರು ಹೇಳುವವರ ಮಾತಿಗೆ ನಾನು ದುಡ್ಡು ಬಿಚ್ಚಲಾರೆ.

ಹೆಸರು ಹಾಗಿರಲಿ, ವಯಸ್ಸು ನೋಡೋಣ. ನಾನು ಮರಗೆಲಸದವನು, ಕುರ್ಚಿಯ ಬೆನ್ನಿಗಿಂತ ಹೊಟ್ಟೆಯನ್ನು ಹೆಚ್ಚು ನಂಬುತ್ತೇನೆ. ಮಗುಚಿ ಹಾಕಿ. ಒಳಪಟ್ಟಿಗಳ ಮೇಲೆ ಕಮಾನಿನಂತೆ ಬಾಗಿದ ಗೀರುಗಳು ಕಂಡರೆ ಅವು ಚಕ್ರಗರಗಸದವು, ಆ ಮರ ಹತ್ತೊಂಬತ್ತನೆಯ ಶತಮಾನದ್ದು ಅಥವಾ ಈಚಿನದು. ಸ್ಕ್ರೂ ಇದ್ದರೆ ಒಂದನ್ನು ಬಿಚ್ಚಿಸಿ. ಕೈಯಲ್ಲಿ ಮಾಡಿದ ಹಳೆಯ ಸ್ಕ್ರೂವಿಗೆ ಚೂಪು ತುದಿ ಇರುವುದಿಲ್ಲ, ತಲೆಯ ಸೀಳೂ ನಡುವೆ ನೆಟ್ಟಗೆ ಕೂತಿರುವುದಿಲ್ಲ. ಆದರೆ ರಿಪೇರಿ ಮಾಡಿದವನು ಹೊಸ ಸ್ಕ್ರೂ ಹಾಕಿರಬಹುದು. ಅದೊಂದನ್ನೇ ಹಿಡಿದು ತೀರ್ಪು ಕೊಡಬೇಡಿ.

ಕೆತ್ತನೆಯನ್ನು ಬೆರಳಿನಿಂದ ಸವರಿ ನೋಡಿ. ಆ ಕಾಲದ ಕೆತ್ತನೆಗಾರ ಉಬ್ಬಿಗೆಂದೇ ದಪ್ಪ ಮರ ಬಿಟ್ಟುಕೊಳ್ಳುತ್ತಿದ್ದ. ಎಲೆ, ಬಳ್ಳಿ ಕಾಲಿನ ಮೈಯಿಂದ ಮೇಲೆದ್ದು ನಿಲ್ಲುತ್ತವೆ. ಬೆಲೆ ಏರಿಸಲೆಂದು ಸಾದಾ ಕುರ್ಚಿಗೆ ಮುಂದೆಂದೋ ಉಳಿ ಹಾಕಿದ್ದರೆ ಬಳ್ಳಿ ಮೈಯೊಳಗೆ ಹುಗಿದುಕೊಂಡಿರುತ್ತದೆ.

ಕೊನೆಗೆ ಅಳತೆಪಟ್ಟಿ ತೆಗೆಯಿರಿ. ಕೈಯಿಲ್ಲದ ಕುರ್ಚಿಗಳು ಹೆಚ್ಚು, ಕೈಯಿರುವವು ಕಡಿಮೆ; ಆದ್ದರಿಂದ ಸಾದಾ ಕುರ್ಚಿಗೆ ಕೈ ಅಂಟಿಸಿ ಮಾರುವುದು ಹಳೆಯ ಕಸುಬು. ನಿಜವಾದ ಕೈಕುರ್ಚಿಯ ಆಸನ ಅದೇ ಜೊತೆಯ ಸಾದಾ ಕುರ್ಚಿಗಿಂತ ಎರಡು ಅಂಗುಲವಾದರೂ ಅಗಲವಿರುತ್ತದೆ. ಕೂತಾಗ ಮೊಣಕೈ ಇಕ್ಕಟ್ಟಾದರೆ ಅನುಮಾನಿಸಿ.

ಪ್ರಶ್ನೆ: ಇಂಗ್ಲಿಷರು ಮಹಾಗನಿಗೇ ಏಕೆ ಅಷ್ಟು ಮರುಳಾದರು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತೆರಿಗೆಯಿಂದ. ಅದಕ್ಕೆ ಮೊದಲು ಅಕ್ರೋಟು ಮರದ ಕಾಲ. 1720ರಲ್ಲಿ ಫ್ರಾನ್ಸ್ ತನ್ನ ಅಕ್ರೋಟು ಮರದ ರಫ್ತನ್ನು ನಿಲ್ಲಿಸಿತು. 1721ರಲ್ಲಿ ಬ್ರಿಟನ್ ಅಮೆರಿಕದ ತನ್ನ ವಸಾಹತುಗಳ ಮರಕ್ಕೆ ಆಮದು ಸುಂಕ ಬಿಟ್ಟಿತು. ಜಮೈಕಾದ ಮಹಾಗನಿ ಹಡಗು ಹತ್ತಿತು, ಮುಂದೆ ಕ್ಯೂಬಾ, ಹೊಂಡುರಾಸ್‌ಗಳದೂ ಬಂತು. ಬಂದ ಮೇಲೆ ಬಡಗಿಗಳು ಅದನ್ನು ಬಿಡಲಿಲ್ಲ: ಹಲಗೆ ಅಗಲ, ಸೊಟ್ಟಗಾಗುವುದು ಕಡಿಮೆ, ಹುಳು ಹಿಡಿಯುವುದು ಅಪರೂಪ. ಬೆನ್ನಿನ ಪಟ್ಟಿಯನ್ನು ಜಾಲರಿಯಂತೆ ತೆಳ್ಳಗೆ ಕೊರೆದರೂ ಮುರಿಯದು.

ಆ ಮರಗಳನ್ನು ಕಡಿದು ನದಿಗೆ ಎಳೆದು ತಂದವರು ಗುಲಾಮರಾಗಿದ್ದ ಆಫ್ರಿಕನ್ನರು. ಮೇಲೆ ಹೇಳಿದ ಹೇರ್‌ವುಡ್ ಹೌಸ್ ಕಟ್ಟಿಸಿದ ಲ್ಯಾಸೆಲ್ಸ್ ಮನೆತನದ ಹಣವೂ ಕೆರಿಬಿಯನ್ ಸಕ್ಕರೆ ಮತ್ತು ಗುಲಾಮಗಿರಿಯಿಂದ ಬಂದದ್ದು. ಕುರ್ಚಿಯ ಅಂದವನ್ನು ಹೊಗಳುವಾಗ ಇದನ್ನು ಬಿಟ್ಟು ಹೊಗಳುವುದು ನನ್ನಿಂದಾಗದು.

ಪ್ರಶ್ನೆ: ಅಜ್ಜನ ಕಾಲದ ಇಂಗ್ಲಿಷ್ ಮಾದರಿಯ ಕುರ್ಚಿಯೊಂದು ಮನೆಯಲ್ಲಿದೆ. ಕೈ ಅಲ್ಲಾಡುತ್ತಿದೆ. ಪೂರ್ತಿ ಉಜ್ಜಿ ಹೊಸ ಪಾಲಿಶ್ ಹಾಕೋಣ ಎನ್ನುತ್ತಾರೆ ಬಡಗಿ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಉಜ್ಜಲು ಬಿಡಬೇಡಿ. ಹಳೆಯ ಮೈಬಣ್ಣ ಹೋದರೆ ಮರಳಿ ಬಾರದು. ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಅಪರೂಪಕ್ಕೊಮ್ಮೆ ಜೇನುಮೇಣ ತೆಳುವಾಗಿ ಸವರಿದರೆ ಸಾಕು. ಅಲ್ಲಾಡುವ ಸಂದಿಗೆ ಮೊಳೆ ಬೇಡ, ಪ್ಲಾಸ್ಟಿಕ್ ಅಂಟೂ ಬೇಡ; ಬಿಸಿ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಹಳೆಯ ಅಂಟು) ಹಾಕಿಸಿ. ಶಾಖ, ನೀರು ಕೊಟ್ಟರೆ ಅದು ಬಿಟ್ಟುಕೊಳ್ಳುತ್ತದೆ, ಮುಂದಿನ ಬಾರಿ ಬಿಚ್ಚುವವನು ಮರ ಸೀಳಬೇಕಾಗಿಲ್ಲ.