ಆಟಿಸಂ ಇರುವ ಮಗುವಿನ ಮನೆಯವರು ಸೇವಾ ಕಾರ್ಯಕ್ಕೆ ಇಳಿಯುವುದಾದರೆ

ಮಗಳಿಗೆ ಆಟಿಸಂ (ಮಾತುಕತೆ, ಒಡನಾಟ, ವರ್ತನೆಗಳಲ್ಲಿ ಭಿನ್ನತೆ ತೋರುವ ಬೆಳವಣಿಗೆಯ ಸ್ಥಿತಿ) ಇರುವುದು ಗೊತ್ತಾದ ಮೇಲೆ ಇಂಥ ಇತರ ಕುಟುಂಬಗಳಿಗೆ ನೆರವಾಗಬೇಕೆಂಬ ಹಂಬಲ ಹುಟ್ಟಿದೆಯೆಂದೂ, ವೈದ್ಯರೂ ಹಣವಂತರೂ ಅಲ್ಲದ ನಿಮ್ಮಿಂದ ಏನಾದೀತೆಂದೂ ಕೇಳಿದ್ದೀರಿ. ನನ್ನ ತಮ್ಮನಿಗೆ ಆಟಿಸಂ ಇದೆ. ನಮ್ಮ ಮನೆಯವರು ನಡೆಸುತ್ತಿರುವ ಸಣ್ಣ ಸೇವಾ ಕಾರ್ಯದ ಅನುಭವದಿಂದ ಹೇಳುವುದಾದರೆ, ನಿಮಗೆ ತೀರಾ ಬೇಕಾಗಿದ್ದು ಎಲ್ಲಿಯೂ ಸಿಗದೇ ಹೋದದ್ದು ಯಾವುದೋ ಅದರಿಂದಲೇ ಆರಂಭಿಸಿ.

ಈ ಕ್ಷೇತ್ರದ ಹಳೆಯ ಸಂಸ್ಥೆಗಳು ಹುಟ್ಟಿದ್ದೂ ಹಾಗೆಯೇ. ತಾಯಿಯ ಮಮತೆ ಸಾಲದೆ ಮಗು ಹೀಗಾಗುತ್ತದೆ ಎಂಬ ಕ್ರೂರವಾದ ತಪ್ಪು ನಂಬಿಕೆ ವೈದ್ಯರಲ್ಲೂ ಇದ್ದ ಕಾಲದಲ್ಲಿ, 1962ರಲ್ಲಿ, ಬ್ರಿಟನ್ನಿನ ಕೆಲವು ತಂದೆತಾಯಿಯರು ಕಟ್ಟಿದ ಸಂಘವೇ ಇಂದಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಅವರಲ್ಲೊಬ್ಬರಾದ ಲೋರ್ನಾ ವಿಂಗ್ ಮನೋವೈದ್ಯೆ. ಅವರನ್ನು ಆಟಿಸಂ ಅಧ್ಯಯನಕ್ಕೆ ಎಳೆದು ತಂದದ್ದು ಸ್ವಂತ ಮಗಳು. ಸಾಫ್ಟ್‌ವೇರ್ ಉದ್ಯಮಿ ಸ್ಟೆಫನಿ ಶರ್ಲಿ ಅವರ, ಆಟಿಸಂ ಇದ್ದ ಮಗ ಜೈಲ್ಸ್ ಆಸ್ಪತ್ರೆಯಿಂದ ಹೊರಬಂದು ಮನೆಯಂಥ ಜಾಗದಲ್ಲಿ ಬದುಕಬೇಕೆಂಬ ಆಸೆಯೇ ವಯಸ್ಕರ ವಸತಿಗೆ ನೆರವಾಗುವ ಸಂಸ್ಥೆಯಾಯಿತು. 1998ರಲ್ಲಿ ಮಗ ತೀರಿಕೊಂಡ ಮೇಲೂ ಅವರು ಶಾಲೆಗೆ, ಸಂಶೋಧನೆಗೆ ತಮ್ಮ ಸಂಪತ್ತನ್ನು ಧಾರೆಯೆರೆದರು.

ನಮ್ಮದು ಅದಕ್ಕಿಂತ ಬಹಳ ಚಿಕ್ಕದು. ತಮ್ಮನಿಗೆ ಮಾತಿಗಿಂತ ಚಿತ್ರ ಬೇಗ ತಿಳಿಯುತ್ತದೆ. ಬ್ರಷ್ ತೆಗೆದುಕೊಳ್ಳುವುದು, ಪೇಸ್ಟ್ ಹಚ್ಚುವುದು, ಉಜ್ಜುವುದು, ಬಾಯಿ ಮುಕ್ಕಳಿಸುವುದು ಎಂದು ಒಂದೊಂದಕ್ಕೂ ಒಂದು ಚಿತ್ರ ಬರೆದು, ಲ್ಯಾಮಿನೇಟ್ ಮಾಡಿಸಿ ಅಮ್ಮ ಬಚ್ಚಲಿನ ಕನ್ನಡಿಯ ಪಕ್ಕ ಅಂಟಿಸಿದ್ದರು. ಒಂದು ಕೆಲಸ ಮುಗಿದಾಗ ಅವನು ಆ ಚಿತ್ರವನ್ನು ಬೆರಳಿನಿಂದ ಮುಟ್ಟಿ ಮುಂದಿನದಕ್ಕೆ ಹೋಗುತ್ತಿದ್ದ. ಥೆರಪಿಗೆ ಮಗುವನ್ನು ಕರೆತರುತ್ತಿದ್ದ ಇನ್ನೊಬ್ಬ ತಾಯಿ ಅದರ ಪ್ರತಿ ಕೇಳಿದರು, ಅವರಿಂದ ತಿಳಿದು ಮತ್ತೊಬ್ಬರು. ಈಗ ಅಂಥ ಕಾರ್ಡುಗಳನ್ನು ಉಚಿತವಾಗಿ ಕೊಡುತ್ತೇವೆ, ವಾರಕ್ಕೊಂದು ಮಧ್ಯಾಹ್ನ ಮಕ್ಕಳನ್ನು ನೋಡಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚಿನದು: ರಾತ್ರಿಯಿಡೀ ಮಲಗದ ಮಗುವಿನ ತಾಯಿಗೆ, ಆ ಮಗುವನ್ನು ಅರಿತವರ ಬಳಿ ಬಿಟ್ಟು ನಿಶ್ಚಿಂತೆಯಿಂದ ನಿದ್ದೆ ಮಾಡುವ ಅವಕಾಶ ಬೇರೆಲ್ಲಿಯೂ ಸಿಗುವುದಿಲ್ಲ.

ದೇಣಿಗೆಗಾಗಿ ಮಗಳ ಅಳು, ಹಟದ ವಿಡಿಯೊ ಹಂಚಬೇಡಿ; ಅವಳ ಖಾಸಗಿತನ ಅವಳದು. ಆಟಿಸಂ ಇರುವ ವಯಸ್ಕರನ್ನು ಆರಂಭದಿಂದಲೇ ಜೊತೆಗೆ ಸೇರಿಸಿಕೊಳ್ಳಿ, ಏಕೆಂದರೆ ಗದ್ದಲ, ಬೆಳಕು, ಸ್ಪರ್ಶ ಒಳಗಿನಿಂದ ಹೇಗೆ ಕಾಡುತ್ತವೆ ಎಂಬುದನ್ನು ಅವರಷ್ಟು ಚೆನ್ನಾಗಿ ನಾವ್ಯಾರೂ ಹೇಳಲಾರೆವು. ‘ಸಂಪೂರ್ಣ ಗುಣಪಡಿಸುತ್ತೇವೆ’ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ನೋಂದಣಿ, ಲೆಕ್ಕಪತ್ರಗಳು ಹಣ ಸಂಗ್ರಹಿಸುವ ಹಂತದಲ್ಲಿ ಖಂಡಿತ ಬೇಕು. ಅದಕ್ಕೂ ಮೊದಲು ಥೆರಪಿ ಕೇಂದ್ರದಲ್ಲಿ ಪರಿಚಯವಾದ ಎರಡು ಮೂರು ಮನೆಯವರೊಂದಿಗೆ ಕುಳಿತು ಅವರಿಗೆ ಏನು ಬೇಕಾಗಿದೆ ಎಂದು ಕೇಳಿ.